ಒರಿಂದೇಸ್ ಮತ್ತು ಅಕ್ಕಿ: ಒಂದು ವಿರಳ ಗ್ರೀಕ್ ಪದದ ಅರ್ಥ ಹಾಗೂ ಮೂಲ

ಸೊಫೊಕ್ಲಿಸನ ‘ತ್ರಿಪ್ತೊಲೆಮೊಸ್’ ನಾಟಕ ಇಂದು ಉಳಿದಿಲ್ಲ. ಪ್ಲಿನಿಯ ಲೆಕ್ಕದಂತೆ ಅದು ಕ್ರಿ.ಪೂ. 468ರ ಸುಮಾರಿನ ಕೃತಿ. ಅನ್ಯರ ಉಲ್ಲೇಖಗಳಲ್ಲಿ ಉಳಿದ ಅದರ ತುಣುಕುಗಳಲ್ಲಿ ‘ಒರಿಂದೇಸ್ ಅರ್ತೊಸ್’ ಎಂಬುದೂ ಒಂದು. ‘ಅರ್ತೊಸ್’ ಎಂದರೆ ರೊಟ್ಟಿ. ‘ಒರಿಂದೇಸ್’ ಮಾತ್ರ ಗ್ರೀಕರಿಗೇ ಒಗಟಾಗಿತ್ತು. ಆರು ಶತಮಾನಗಳಿಗೂ ಹೆಚ್ಚು ಕಾಲದ ಅನಂತರ ಬರೆದ ಅಥಿನೇಯಸ್ ಎರಡು ಅರ್ಥಗಳನ್ನು ಕೊಡುತ್ತಾನೆ: ಅಕ್ಕಿಯಿಂದಾದುದು, ಇಲ್ಲವೇ ಇಥಿಯೋಪಿಯದ ಎಳ್ಳಿನಂತಹ ಬೀಜದಿಂದಾದುದು.

ನನ್ನೂರು ಕುರ್ಡಿಯಲ್ಲಿ ‘ರೊಟ್ಟಿ’ ಎಂದರೆ ಜೋಳದ್ದೇ. ಅಕ್ಕಿಯದಾದರೆ ಅಕ್ಕಿಯ ಹೆಸರನ್ನು ಸೇರಿಸಿಯೇ ಹೇಳಬೇಕು. ಗ್ರೀಕರಿಗೂ ‘ಅರ್ತೊಸ್’ ಎಂದರೆ ಮುಖ್ಯವಾಗಿ ಗೋಧಿಯ ರೊಟ್ಟಿ. ಅದಕ್ಕೆ ವಿಶೇಷಣವೊಂದು ಅಂಟಿದೆಯೆಂದರೆ ಧಾನ್ಯ ಪರದೇಶದ್ದೆಂದೇ ಊಹಿಸಬೇಕಾಗುತ್ತದೆ. ನಾಟಕದ ನಾಯಕನಾದರೋ ದೇಶದೇಶ ಸುತ್ತಿ ಬೇಸಾಯ ಕಲಿಸಿದವನು.

ಎರಡರಲ್ಲಿ ಅಕ್ಕಿಯ ಪಕ್ಷಕ್ಕೆ ಪದದ ರೂಪವೇ ಬಲ ಕೊಡುತ್ತದೆ. ಪಾರಸಿಯ ‘ಬಿರಿಂಜ್’, ಪಶ್ತೋದ ‘ವ್ರಿಝೆ’, ಸಂಸ್ಕೃತದ ‘ವ್ರೀಹಿ’ ಇವೆಲ್ಲ ಒಂದೇ ಬಳಗದವು. ಪಾರಸಿ ರೂಪದಲ್ಲಿರುವ ಅನುನಾಸಿಕ ‘ಒರಿಂದೇಸ್’ನಲ್ಲಿಯೂ ಇದೆ. ಆಟಿಕ್ ಗ್ರೀಕಿನಲ್ಲಿ ವಕಾರವಿಲ್ಲದ ಕಾರಣ ಆ ಸ್ಥಾನವನ್ನು ಸ್ವರವೊಂದು ತುಂಬಿರುವುದು ಸಹಜ. ಮುಂದೆ ರೂಢವಾದ ‘ಒರುಜ಼’ದಲ್ಲಿ ಅನುನಾಸಿಕವಿಲ್ಲ, ಅದು ಪಶ್ತೋದಂತಹ ಇನ್ನೊಂದು ಪೂರ್ವ ಇರಾನೀ ರೂಪದಿಂದ ಬಂದಿರಬೇಕು. ಒಂದೇ ಧಾನ್ಯದ ಹೆಸರು ಎರಡು ಬಾರಿ ಎರವಲಾಯಿತೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಾಲ್ಡ್‌ವೆಲ್ಲನ ಕಾಲದಿಂದ ನಾವು ಹೆಮ್ಮೆಯಿಂದ ಹೇಳಿಕೊಂಡು ಬಂದ ‘ಅರಿಸಿ’–‘ಒರುಜ಼’ ಸಂಬಂಧದ ಗತಿಯೇನು? ತಮಿಳಿನ ‘ಅರಿಚಿ’, ತುಳುವಿನ ‘ಅರಿ’, ಕನ್ನಡದ ‘ಅಕ್ಕಿ’ ಸಜಾತೀಯಗಳು. ಕನ್ನಡದ ಕಕಾರವೇ ಹಳೆಯದು. ‘ಕಿವಿ’–‘ಚೆವಿ’ ಜೋಡಿಯಲ್ಲಿರುವಂತೆ ತಮಿಳಿನ ಚಕಾರ ತಾಲವ್ಯೀಕರಣದ ಫಲ. ಆದರೆ ಇವುಗಳಲ್ಲಿ ಯಾವುದರಲ್ಲಿಯೂ ಆದಿಯ ವಕಾರವಿಲ್ಲ, ಅನುನಾಸಿಕವೂ ಇಲ್ಲ. ಗ್ರೀಕ್ ಹಡಗುಗಳು ಮಾನ್ಸೂನಿನ ಬೆನ್ನೇರಿ ನಮ್ಮ ಕರಾವಳಿಗೆ ಬರತೊಡಗಿದ್ದು ಸೊಫೊಕ್ಲಿಸನಿಗೆ ಶತಮಾನಗಳ ಅನಂತರ. ಆದುದರಿಂದ ‘ಅಕ್ಕಿ’ಯಿಂದ ನೇರ ದಾರಿಯನ್ನು ಕೈಬಿಡುವುದೇ ಲೇಸು.

ದ್ರಾವಿಡ ಸಂಬಂಧ ಅಷ್ಟಕ್ಕೇ ಕಡಿದುಹೋಗುವುದಿಲ್ಲ. ‘ವ್ರೀಹಿ’ ಋಗ್ವೇದದಲ್ಲಿಲ್ಲ, ಅಥರ್ವವೇದದಲ್ಲಿದೆ. ಅದೇ ಎರವಲಾಗಿರಬಹುದೆಂದು ಹಲವರು ಭಾವಿಸುತ್ತಾರೆ. ತೆಲುಗಿನಲ್ಲಿ ಭತ್ತಕ್ಕೆ ‘ವರಿ’, ಗೋಂಡಿಯಲ್ಲಿ ‘ವಂಜಿ’ ಎಂಬ ಪದಗಳಿವೆ. ನಾವು ಕಳೆದುಕೊಂಡ ವಕಾರ, ಅನುನಾಸಿಕಗಳೆರಡೂ ಗೋಂಡಿಯ ಈ ರೂಪದಲ್ಲಿವೆ. ‘ಒರಿಂದೇಸ್’ನ ಮೂಲವನ್ನು ಹುಡುಕುವವರು ‘ಅಕ್ಕಿ’ಗಿಂತ ಮೊದಲು ಪರಿಶೀಲಿಸಬೇಕಾದದ್ದು ಈ ಜೋಡಿಯನ್ನು.