ಕಲ್ಲಿನಿಂದ ಮೂಡಿದ ಸಮಾಚಾರ

ಮಸ್ಕಿಯ ಬಂಡೆಯೊಂದರ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಕೊರೆದ ರಾಜಸಂದೇಶವೊಂದಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡ ಮೇಲೆಯೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂಬುದು ಸ್ಥಿರಪಟ್ಟಿತು. ಆದರೆ ಅದು ಅರಸನ ಮಾತು, ಭಾಷೆಯೂ ಪ್ರಾಕೃತ. ಜನರ ಕನ್ನಡದಲ್ಲಿ, ಗೊತ್ತಾದ ದಿನಕ್ಕೆ ಸುದ್ದಿಯ ಹಾಳೆ ಕೈಗೆ ಬರಲು 1843ರವರೆಗೆ ಕಾಯಬೇಕಾಯಿತು. ಸ್ವಾರಸ್ಯವೆಂದರೆ, ಆ ಹಾಳೆಯೂ ಕಲ್ಲಿನಿಂದಲೇ ಮೂಡಿತು!

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಆ ವರ್ಷದ ಜುಲೈ 1ರಂದು ದೂರದ ಕರಾವಳಿಯಲ್ಲಿ ಹುಟ್ಟಿತು. ಹುಟ್ಟಿಸಿದವನು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹೆರ್ಮನ್ ಮೋಗ್ಲಿಂಗ್. 1836ರಲ್ಲಿ ಮಂಗಳೂರಿಗೆ ಬಂದು ಕನ್ನಡ ಕಲಿತವನು. ಮಿಷನ್ನಿನಲ್ಲಿ ಆಗ ಇದ್ದುದು ಕಲ್ಲಚ್ಚಿನ ಯಂತ್ರ. ಜಿಡ್ಡಿನ ಮಸಿಯಿಂದ ಪುಟವಿಡೀ ಕೈಯಲ್ಲಿ ಬರೆದು ನಯವಾದ ಕಲ್ಲಿಗೆ ಇಳಿಸಬೇಕು. ಕಲ್ಲನ್ನು ನೀರಿನಿಂದ ತೋಯಿಸಿ ಮಸಿಯ ಉರುಳೆಯನ್ನು ಹಾಯಿಸಬೇಕು. ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುವುದು. ಬಳಿಕ ಒಂದೊಂದೇ ಹಾಳೆಯನ್ನು ಒತ್ತಿ ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳಿಗೆ ಇಷ್ಟು ದುಡಿಮೆ! ಊರಿನ ವರ್ತಮಾನ, ಸರಕಾರದ ನಿರೂಪಗಳು, ಪರದೇಶಗಳ ಸಂಗತಿ, ಕಥೆಗಳು ಅದರಲ್ಲಿದ್ದವು. ದಾಸರ ಪದಗಳಿಗೂ ಎಡೆಯಿತ್ತು. ಮತಪ್ರಚಾರಕ್ಕೆಂದು ಬಂದವನು ಪುರಂದರದಾಸರಿಗೆ ಜಾಗ ಬಿಟ್ಟುಕೊಟ್ಟನೆಂಬುದು ಸಣ್ಣ ಮಾತಲ್ಲ.

ಮರುವರ್ಷವೇ ಪತ್ರಿಕೆ ಘಟ್ಟವೇರಿತು. 1844ರ ಮಾರ್ಚಿನಿಂದ ಬಳ್ಳಾರಿಯಲ್ಲಿ, ಮೊಳೆಯಚ್ಚಿನಲ್ಲಿ, ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಪ್ರಕಟವಾಗತೊಡಗಿತು. ಒಂದು ಊರಿನ ಹೆಸರನ್ನು ಬಿಟ್ಟು ಭಾಷೆಯ ಹೆಸರನ್ನು ಹಿಡಿದದ್ದು, ಅಚ್ಚು ಬದಲಾದುದಕ್ಕಿಂತ ದೊಡ್ಡ ಹೆಜ್ಜೆಯೆನ್ನಬೇಕು.

ಬಳ್ಳಾರಿಯಿಂದ ಸಿರುಗುಪ್ಪದ ದಾರಿ ಹಿಡಿದು ತುಂಗಭದ್ರೆಯನ್ನು ದಾಟಿದರೆ ಸಿಂಧನೂರಿನ ಸೀಮೆ. ಅದರಾಚೆ ಮಸ್ಕಿ, ಲಿಂಗಸುಗೂರು. ಹೊಳೆಯ ಎರಡು ದಡಗಳಲ್ಲಿಯೂ ಮನೆಮಾತು ಕನ್ನಡ. ಆದರೆ ಬಳ್ಳಾರಿ ಕಂಪನಿಯದು, ಸಿಂಧನೂರು ನಿಜಾಮರದು. ನಿಜಾಮರ ದಫ್ತರದ ಭಾಷೆ 1884ರವರೆಗೆ ಪಾರಸಿ, ಅನಂತರ ಉರ್ದು. 1905ರವರೆಗೆ ಜಿಲ್ಲೆಯ ಕೇಂದ್ರವಾಗಿದ್ದ ಲಿಂಗಸುಗೂರಿನಲ್ಲಿಯೂ ರೈತನು ತನ್ನ ಹೊಲದ ಸುದ್ದಿಯನ್ನು ದಫ್ತರದ ಕಾಗದದಿಂದ ತಿಳಿಯಬೇಕಾದರೆ ಬೇರೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು. ಕನ್ನಡದ ಸಮಾಚಾರವು ಕೂಗಳತೆಗೆ ಬಂದಿದ್ದರೂ ನಡುವೆ ಹೊಳೆಯೊಂದೇ ಇರಲಿಲ್ಲ, ರಾಜ್ಯದ ಎಲ್ಲೆಯೂ ಇತ್ತು.

ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಮಂಗಳೂರೂ ಸಿಂಧನೂರೂ ಸೇರಿದುದು 1956ರ ನವೆಂಬರ್ 1ರಂದು, ಒಂದೇ ದಿನ.