ಹೊಸ ಸರಕಿನ ಅಭಾವ: ಕೃತಕವೋ, ಸಹಜವೋ?

ಸಾವನದುರ್ಗದ ತಪ್ಪಲಿನ ಹಳ್ಳಿಗಳಿಂದ ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬರುವ ಬೆಳೆಗಾರನಿಗೆ, ಇತರ ಉತ್ಪಾದಕರಿಗೆ ಇರುವ ಒಂದು ಅನುಕೂಲವಿಲ್ಲ. ಅವನು ತನ್ನ ಸರಕನ್ನು ತಡೆಹಿಡಿಯಲಾರ. ಹುಳು ಗೂಡು ಕಟ್ಟಿದ ಹತ್ತು-ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಎಳೆ ತುಂಡಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಆದುದರಿಂದ ಬಂದ ಸರಕು ಅಂದೇ ಹರಾಜಾಗಬೇಕು. ಆವಕ ಕಡಿಮೆಯಾದ ದಿನ ದರ ಏರುತ್ತದೆ, ಹೆಚ್ಚಾದ ದಿನ ಇಳಿಯುತ್ತದೆ. ಅಲ್ಲಿ ಅಭಾವವು ದರದ ರೂಪದಲ್ಲಿ ಕಾಣಿಸಿಕೊಳ್ಳುವುದೇ ಹೊರತು ಸರತಿ ಸಾಲಿನ ರೂಪದಲ್ಲಿ ಅಲ್ಲ.

ಇದೇ ಮಾರುಕಟ್ಟೆಯಲ್ಲಿ ಗೂಡು ಖರೀದಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮಳಿಗೆಗಳ ಮುಂದೆ ಮಾತ್ರ ಈಚಿನ ವರ್ಷಗಳಲ್ಲಿ ನಸುಕಿನಿಂದಲೇ ಸಾಲು ಕಂಡುಬಂದಿದೆ. ಟೋಕನ್ ವಿತರಣೆ, ಒಬ್ಬರಿಗೆ ಒಂದೇ ಸೀರೆ ಎಂಬ ಮಿತಿ, ಹಲವರು ಬರಿಗೈಯಲ್ಲಿ ಹಿಂತಿರುಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿವೆ. ಇದನ್ನು ಕಂಡವರು ಕೇಳುವ ಪ್ರಶ್ನೆ ಒಂದೇ: ಬೇಡಿಕೆ ಹೆಚ್ಚಿಸಲೆಂದು ಸರಕನ್ನು ಬೇಕೆಂದೇ ಕಡಿಮೆ ಬಿಡುತ್ತಿದ್ದಾರೆಯೆ?

ಪ್ರಪಂಚದಾದ್ಯಂತ ಈ ಆಪಾದನೆಯನ್ನು ಅತಿ ಹೆಚ್ಚು ಬಾರಿ ಹೊತ್ತಿರುವವರು ವಿಡಿಯೋ ಗೇಮ್ ಯಂತ್ರಗಳ, ಅಂದರೆ ಕನ್ಸೋಲ್‌ಗಳ, ತಯಾರಕರು. 2000ದ ಅಕ್ಟೋಬರ್ 26ರಂದು ಸೋನಿ ಕಂಪನಿಯು ಪ್ಲೇಸ್ಟೇಷನ್-2 ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿದಾಗ, ಮೊದಲ ದಿನಕ್ಕೆಂದು ಉದ್ದೇಶಿಸಿದ್ದ ಹತ್ತು ಲಕ್ಷ ಯಂತ್ರಗಳನ್ನು ಬಿಡಿಭಾಗಗಳ ಕೊರತೆಯಿಂದ ಐದು ಲಕ್ಷಕ್ಕೆ ಇಳಿಸಬೇಕಾಯಿತು. ಪ್ಲೇಸ್ಟೇಷನ್-5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಜನವರಿ 12ರಂದು ಆರಂಭವಾದ ಮುಂಗಡ ಕಾಯ್ದಿರಿಸುವಿಕೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. 49,990 ರೂಪಾಯಿ ಬೆಲೆಯ ಯಂತ್ರವು ಅನಂತರ ಮರುಮಾರಾಟಗಾರರ ಕೈಯಲ್ಲಿ ಬಹಳ ಹೆಚ್ಚಿನ ಬೆಲೆಗೆ ಬಿಕರಿಯಾಯಿತು.

ಆಪಾದನೆಯನ್ನು ಪರೀಕ್ಷಿಸಲು ಕಂಪನಿಯ ಹೇಳಿಕೆಗಿಂತ ಅದರ ಲೆಕ್ಕಪತ್ರವೇ ಮೇಲಾದ ಸಾಕ್ಷಿ. ಕನ್ಸೋಲ್‌ನ ಆರಂಭದ ಬೆಲೆ ಅನೇಕ ವೇಳೆ ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಇರುತ್ತದೆ. ಪ್ಲೇಸ್ಟೇಷನ್-5ರ 499 ಡಾಲರ್ ಮಾದರಿಯು ಇನ್ನು ನಷ್ಟಕ್ಕೆ ಮಾರಾಟವಾಗುತ್ತಿಲ್ಲವೆಂದು ಸೋನಿ ತಿಳಿಸಿದ್ದು 2021ರ ಆಗಸ್ಟ್‌ನಲ್ಲಿ, ಎಂದರೆ ಬಿಡುಗಡೆಯಾಗಿ ಒಂಬತ್ತು ತಿಂಗಳ ನಂತರ. ಲಾಭವೆಲ್ಲ ಮುಂದೆ ಮಾರಾಟವಾಗುವ ಆಟಗಳಲ್ಲಿಯೂ ಚಂದಾ ಹಣದಲ್ಲಿಯೂ ಇದೆ. ಯಂತ್ರವು ಮನೆ ಸೇರದಿದ್ದರೆ ಆ ಆದಾಯ ಆರಂಭವಾಗುವುದೇ ಇಲ್ಲ. ಕಾಳಸಂತೆಯ ಹೆಚ್ಚುವರಿ ಬೆಲೆಯಲ್ಲಿ ತಯಾರಕನಿಗೆ ಒಂದು ಪೈಸೆಯೂ ದಕ್ಕುವುದಿಲ್ಲ. ಇಂತಹವನು ಸರಕನ್ನು ಗೋದಾಮಿನಲ್ಲಿ ಬಚ್ಚಿಟ್ಟರೆ ಬಡ್ಡಿಯನ್ನೂ ತೆತ್ತು, ಮುಂದಿನ ಆದಾಯವನ್ನೂ ಕಳೆದುಕೊಂಡಂತಾಗುತ್ತದೆ.

ಆದರೆ ಈ ವಾದ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. ನಿಂಟೆಂಡೊ ಕಂಪನಿಯು 2016ರ ನವೆಂಬರ್‌ನಲ್ಲಿ ತನ್ನ ಹಳೆಯ ಯಂತ್ರದ ಪುಟ್ಟ ಪ್ರತಿರೂಪವೊಂದನ್ನು ಹೊರತಂದಿತು. 30 ಆಟಗಳು ಅದರೊಳಗೇ ಇದ್ದುವು; ಹೊಸ ಆಟವನ್ನು ಕೊಂಡು ಸೇರಿಸುವ ಅವಕಾಶವಿರಲಿಲ್ಲ. ಸುಮಾರು 23 ಲಕ್ಷ ಯಂತ್ರಗಳು ಮಾರಾಟವಾಗಿ, ಗಿರಾಕಿಗಳು ಇನ್ನೂ ಕೇಳುತ್ತಿರುವಾಗಲೇ 2017ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿ, 2018ರಲ್ಲಿ ಮತ್ತೆ ತರಲಾಯಿತು. ಇಲ್ಲಿ ಮುಂದಿನ ಆದಾಯವೆಂಬುದು ಇಲ್ಲದ್ದರಿಂದ ಸಂಶಯಕ್ಕೆ ಹೆಚ್ಚು ಆಸ್ಪದವಿದೆ. ಸರಕು ಉಳಿದೀತೆಂಬ ಭಯದಿಂದ ಕಡಿಮೆ ತಯಾರಿಸಿದರೋ, ಹೆಸರು ಉಳಿಯಲೆಂದು ಕಡಿಮೆ ತಯಾರಿಸಿದರೋ, ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಹಾಗಾದರೆ ತಯಾರಕನು ಉದ್ದೇಶಪೂರ್ವಕವಾಗಿ ಮಾಡುವುದು ಏನೂ ಇಲ್ಲವೆ? ಇದೆ. ಅವನು ದಿನಾಂಕವನ್ನೂ ಬೆಲೆಯನ್ನೂ ಬೇಕೆಂದೇ ಆರಿಸುತ್ತಾನೆ. ಸಾಕಷ್ಟು ದಾಸ್ತಾನು ಸೇರುವ ಮೊದಲೇ, ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದೆಂದು ನವೆಂಬರ್‌ನಲ್ಲಿ ಬಿಡುಗಡೆ ಮಾಡುತ್ತಾನೆ. ಮೊದಲ ದಿನದ ಗಿರಾಕಿ ಕೊಡಲು ಸಿದ್ಧನಿರುವುದಕ್ಕಿಂತ ಕಡಿಮೆ ಬೆಲೆ ಇಡುತ್ತಾನೆ. ಈ ಎರಡು ನಿರ್ಧಾರಗಳ ಫಲವೇ ಸಾಲು. ದಿನಾಂಕವನ್ನು ಮುಂದೂಡಿದರೆ ಸಾಲು ಎಷ್ಟು ಕರಗುತ್ತದೆ ಎಂಬುದಕ್ಕೆ ನಿಂಟೆಂಡೊ ಸ್ವಿಚ್-2 ಈಚಿನ ನಿದರ್ಶನ. ಮರುಮಾರಾಟಗಾರರನ್ನು ತಡೆಯಲು ಸಾಕಷ್ಟು ತಯಾರಿಸುವುದೇ ಮುಖ್ಯ ಉಪಾಯವೆಂದು ಕಂಪನಿಯ ಅಧ್ಯಕ್ಷರು 2024ರಲ್ಲಿಯೇ ಷೇರುದಾರರ ಮುಂದೆ ಹೇಳಿದ್ದರು. 2025ರ ಜೂನ್ 5ರಂದು ಬಿಡುಗಡೆಯಾದ ಆ ಯಂತ್ರ ನಾಲ್ಕೇ ದಿನಗಳಲ್ಲಿ 35 ಲಕ್ಷ ಮಾರಾಟವಾಯಿತು. ಅಷ್ಟಾದರೂ ಜಪಾನಿನಲ್ಲಿ 22 ಲಕ್ಷ ಮಂದಿ ಅರ್ಜಿ ಹಾಕಿ ಲಾಟರಿ ಎತ್ತುವುದು ತಪ್ಪಲಿಲ್ಲ.

ಮೈಸೂರು ರೇಷ್ಮೆಯ ವಿಷಯವೂ ಇದಕ್ಕೆ ದೂರವಲ್ಲ. 1912ರಲ್ಲಿ ಮೈಸೂರಿನಲ್ಲಿ ಆರಂಭವಾಗಿ 1980ರಲ್ಲಿ ನಿಗಮಕ್ಕೆ ಸೇರಿದ ನೇಯ್ಗೆ ಕಾರ್ಖಾನೆಯ ಉತ್ಪಾದನೆಗೆ ಮಗ್ಗಗಳ ಸಂಖ್ಯೆ, ನುರಿತ ನೇಕಾರರು, ಶುದ್ಧ ರೇಷ್ಮೆ ಹಾಗೂ ಚಿನ್ನದ ಜರಿಯ ಲಭ್ಯತೆ ಇವೇ ಎಲ್ಲೆ. ಭೌಗೋಳಿಕ ಸೂಚಿಯ ರಕ್ಷಣೆಯಿರುವ ಹೆಸರಾದುದರಿಂದ ಬೇರೆಡೆ ನೇಯ್ದ ಬಟ್ಟೆಗೆ ಮೊಹರು ಒತ್ತಿ ಸಾಲನ್ನು ಕರಗಿಸಲಾಗದು. ಗೂಡಿನ ದರ ಪ್ರತಿದಿನ ಏರಿಳಿಯುತ್ತದೆ. ಸೀರೆಯ ಬೆಲೆ ಪಟ್ಟಿಯಲ್ಲಿ ನಿಂತಿರುತ್ತದೆ. ಹಬ್ಬದ ಹಿಂದಿನ ದಿನ ಸೀರೆಯನ್ನು ಹರಾಜು ಹಾಕಿದರೆ ಸಾಲು ಇರಲಾರದು, ಆದರೆ ಅದನ್ನು ಸರ್ಕಾರಿ ಸಂಸ್ಥೆಯಿಂದ ಯಾರೂ ಅಪೇಕ್ಷಿಸುವುದಿಲ್ಲ. ಸಾಲು ಪುಕ್ಕಟೆ ಜಾಹೀರಾತಾಗುತ್ತದೆ ಎಂಬುದು ನಿಜ. ಆದರೆ ಸಾಲಿನಿಂದ ಹಿಂತಿರುಗಿದ ಗಿರಾಕಿ ಆ ವರ್ಷದ ಹಣವನ್ನು ಕಂಚಿ, ಧರ್ಮಾವರಂ ಸೀರೆಯ ಅಂಗಡಿಯಲ್ಲಿ ಖರ್ಚು ಮಾಡಿಬಿಡುತ್ತಾನೆ.

ಕಾನೂನಿನ ದೃಷ್ಟಿಯನ್ನು ಸಣ್ಣ ತಯಾರಕರು ತಿಳಿದಿರುವುದು ಒಳ್ಳೆಯದು. ಮಾರುಕಟ್ಟೆಯಲ್ಲಿ ಪ್ರಾಬಲ್ಯವಿಲ್ಲದ ಉದ್ದಿಮೆಯೊಂದು ತಾನೊಬ್ಬನೇ ಕಡಿಮೆ ತಯಾರಿಸಿದರೆ 2002ರ ಸ್ಪರ್ಧಾ ಕಾಯ್ದೆ ಅದನ್ನು ಪ್ರಶ್ನಿಸುವುದಿಲ್ಲ. ಪ್ರತಿಸ್ಪರ್ಧಿಗಳು ಒಡಂಬಡಿಕೆ ಮಾಡಿಕೊಂಡು ಪೂರೈಕೆಯನ್ನು ಮಿತಗೊಳಿಸಿದರೆ ಕಲಂ 3ರ ಅಡಿಯಲ್ಲಿಯೂ, ಪ್ರಬಲ ಸಂಸ್ಥೆ ತನ್ನ ಸ್ಥಾನದ ದುರುಪಯೋಗದಿಂದ ಹಾಗೆ ಮಾಡಿದರೆ ಕಲಂ 4ರ ಅಡಿಯಲ್ಲಿಯೂ ಅಪರಾಧಿಯಾಗಬೇಕಾಗುತ್ತದೆ. 2012ರ ಜೂನ್‌ನಲ್ಲಿ ಸ್ಪರ್ಧಾ ಆಯೋಗವು ಉತ್ಪಾದನೆ ಮತ್ತು ಪೂರೈಕೆಯನ್ನು ಕೂಡಿಕೊಂಡು ನಿಯಂತ್ರಿಸಿದರೆಂದು ಸಿಮೆಂಟ್ ಕಂಪನಿಗಳ ಮೇಲೆ 6,000 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತು. 2015ರಲ್ಲಿ ರದ್ದಾದ ಆ ಆದೇಶವನ್ನು ಆಯೋಗ 2016ರಲ್ಲಿ ಪುನಃ ಹೊರಡಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿದ ಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಸಂಘದ ಸಭೆಯಲ್ಲಿ ‘ಈ ತಿಂಗಳು ಎಲ್ಲರೂ ಸ್ವಲ್ಪ ಕಡಿಮೆ ಬಿಡೋಣ’ ಎಂದು ಆಡುವ ಮಾತು ಇನ್ನು ಹರಟೆಯಾಗಿ ಉಳಿದಿಲ್ಲ.

ಚನ್ನಪಟ್ಟಣದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಹೊಸ ಆಟಿಕೆಯೊಂದನ್ನು ಹೊರತರುವವನ ಮೊದಲ ಕಂತು ಚಿಕ್ಕದಾಗಿರುವುದಕ್ಕೆ ಬ್ಯಾಂಕಿನ ಸಾಲದ ಮಿತಿ, ಒಣಗಿದ ಆಲೆ ಮರದ ಕೊರತೆ ಇವು ಸಾಕಾದ ಕಾರಣಗಳು. ಆದರೂ ಸರಕು ಸಿಗದ ಗಿರಾಕಿ ಅವನನ್ನು ಅನುಮಾನದಿಂದಲೇ ನೋಡುತ್ತಾನೆ. ಇಂತಹ ಸಂದರ್ಭದಲ್ಲಿ ಎಷ್ಟು ಸರಕು ಬರುತ್ತದೆ, ಮುಂದಿನ ಕಂತು ಯಾವಾಗ ಎಂಬುದನ್ನು ಮೊದಲೇ ಬರೆದು ಹಾಕುವುದು, ಬೇಡಿಕೆಯನ್ನು ಕ್ರಮಸಂಖ್ಯೆಯಂತೆ ದಾಖಲಿಸಿ ಅದೇ ಕ್ರಮದಲ್ಲಿ ಪೂರೈಸುವುದು ಖರ್ಚಿಲ್ಲದ ಕೆಲಸ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಪಡೆಯುವುದನ್ನು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಅಭಾವದ ದಿನಗಳಲ್ಲಿಯೂ ಒಪ್ಪುವುದಿಲ್ಲ. ಮುಂಗಡ ಹಣ ಪಡೆದರೆ ರಸೀದಿ ಕೊಡಬೇಕು. ಸರಕಿನ ಮುಂಗಡದ ಮೇಲೆ ಆಗಲೇ ಜಿ.ಎಸ್.ಟಿ. ಕಟ್ಟಬೇಕೆಂಬ ಭಯ ಕೆಲವರಲ್ಲಿ ಇನ್ನೂ ಉಳಿದಿದೆ. ರಾಜಿ ತೆರಿಗೆ ಪದ್ಧತಿಗೆ ಒಳಪಡದ ವರ್ತಕರಿಗೆ 2017ರ ನವೆಂಬರ್ 15ರ 66ನೇ ಅಧಿಸೂಚನೆಯು ಆ ಹೊರೆಯನ್ನು ತೆಗೆದುಹಾಕಿದೆ, ತೆರಿಗೆ ಸಲ್ಲಬೇಕಾದುದು ಸರಕಿನ ಬಿಲ್ಲು ಹಾಕುವಾಗ.