ಕೋವಿ: ಮುಟ್ಟಿದ ಕೂಡಲೇ ಖಾಲಿ ಮಾಡಿ ನೋಡಿ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆ ಬೆಟ್ಟು ಗದ್ದೆಯ ಗೆಣಸಿಗೂ ಗುಡ್ಡದ ಮರಗೆಣಸಿಗೂ ಕಾಡುಹಂದಿ ಕಾಟ ತಪ್ಪಿದ್ದಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿಯ ಕೋವಿ ಇಟ್ಟುಕೊಂಡ ಕೃಷಿಕರು ನಮ್ಮಲ್ಲಿ ಹಲವರಿದ್ದಾರೆ. ವರ್ಷಕ್ಕೆ ನಾಲ್ಕು ಈಡು ಹೊಡೆದರೆ ಹೆಚ್ಚು. ಉಳಿದ ದಿನ ಮನೆಯ ಮೂಲೆಯಲ್ಲಿ, ಚುನಾವಣೆ ಬಂದರೆ ಠಾಣೆಯಲ್ಲಿ. ಹೀಗೆ ಸುಮ್ಮನೆ ಕೂತ ಕೋವಿಯೇ ಹೆಚ್ಚು ಅಪಾಯ.

ನಮ್ಮಲ್ಲಿರುವುದು ಮುಖ್ಯವಾಗಿ ಎರಡು ಬಗೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಮಡಚಿ ತೋಟೆ ಹಾಕುವ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ. ಬೋಲ್ಟ್ ಎಳೆಯುವ .315 ರೈಫಲಿನ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಮನೆ, ತೋಟ ಹತ್ತಿರ ಹತ್ತಿರ ಇರುವ ನಮ್ಮ ಊರಿಗೆ ಅದು ಹೇಳಿಸಿದ್ದಲ್ಲ.

ಖಾಲಿ ಎಂದು ತಿಳಿಯುವುದು ಹೇಗೆ?

ತೋಟೆ ಕೋವಿಯನ್ನು ಕೈಗೆತ್ತಿದ ಕೂಡಲೇ ಮಡಚಿ, ನಳಿಗೆಯಲ್ಲಿ ಬೆಳಕು ಕಾಣುತ್ತದಾ ನೋಡಿ. ರೈಫಲಾದರೆ ಬೋಲ್ಟ್ ಹಿಂದಕ್ಕೆಳೆದು ಒಳಗೆ ಗುಂಡಿಲ್ಲ ಎಂದು ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಬೇಕು.

ಕೇಪಿನ ಕೋವಿಯನ್ನು ಹೀಗೆ ತೆರೆಯಲು ಬರುವುದಿಲ್ಲ. ಖಾಲಿ ಇರುವಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜಕ್ಕೊಂದು ಗೀರು ಹಾಕಿಡಿ. ಮುಂದೆ ಇಳಿಸಿದಾಗ ಗೀರು ಮೇಲೆಯೇ ನಿಂತರೆ ಒಳಗೆ ಮದ್ದಿದೆ ಎಂದೇ ಲೆಕ್ಕ. ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿ ಆಗುವುದಿಲ್ಲ. ಗಜ ಇಳಿಸುವಾಗ ಮುಖ ಬಾಯಿಯ ನೇರಕ್ಕೆ ಇರಬಾರದು.

ಮಳೆಗಾಲದ ಆರೈಕೆ

ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಈಡು ಹೊಡೆದ ದಿನವೇ ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಗಜಕ್ಕೆ ಬಟ್ಟೆ ಸುತ್ತಿ ಒರಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ ತೆಳ್ಳಗೆ ಸವರಿ. ಹೊಲಿಗೆ ಮಿಷನ್ ಎಣ್ಣೆ ಆಗುತ್ತದೆ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ. ಚರ್ಮದ ಚೀಲದೊಳಗೆ ಇಟ್ಟರೆ ತುಕ್ಕು ಬೇಗ.

ತೋಟೆ ಕೋವಿಯಲ್ಲಿ ನಳಿಗೆಯಡಿಯ ಮರದ ತುಂಡು ಕಳಚಿದರೆ ನಳಿಗೆ ಬೇರೆ ಬರುತ್ತದೆ. ಒರಸಲು ಅಷ್ಟು ಸಾಕು. ಒಳಗಿನ ಸ್ಪ್ರಿಂಗು, ಕುದುರೆ ಬಿಚ್ಚಬೇಡಿ. ಅದು ಪರವಾನಗಿ ಇರುವ ರಿಪೇರಿಯವರ ಕೆಲಸ.

ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ನಳಿಗೆ ಒಳ್ಳೆ ಜಾಗ. ಆ ಮಣ್ಣು ನೋಡದೆ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗಬಹುದು. ಠಾಣೆಯಿಂದ ತಂದ ದಿನವೂ ನಳಿಗೆ ನೋಡಿಯೇ ಒಳಗಿಡಿ.

ತೇವಕ್ಕೆ ಉಬ್ಬಿದ ತೋಟೆಯನ್ನು ಒತ್ತಿ ತುರುಕಬಾರದು, ಒಲೆಯ ಹತ್ತಿರ ಒಣಗಿಸಲೂ ಬಾರದು.

ತೋಟದಲ್ಲಿ

ಸಂಕ, ತಡಮೆ, ಅಗಳು ದಾಟುವ ಮೊದಲು ತೋಟೆ ತೆಗೆಯಿರಿ. ಕೇಪಿನ ಕೋವಿಯಲ್ಲಿ ಕೇಪನ್ನಾದರೂ ತೆಗೆದು, ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿಯಿರಿ. ಈಡು ಹಾರದಿದ್ದರೆ ಬಾಯಿಯನ್ನು ಅಪಾಯವಿಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತುವುದುಂಟು.

ಸದ್ದು ಕೇಳಿ, ಎಲೆ ಅಲುಗಿದ್ದು ನೋಡಿ ಹೊಡೆಯಲೇಬಾರದು. ಬೆಳಗಾಗುವ ಮೊದಲೇ ಪಕ್ಕದ ರಬ್ಬರು ತೋಟಕ್ಕೆ ಟ್ಯಾಪಿಂಗಿನವರು ಬಂದಿರುತ್ತಾರೆ. ಮುರಕಲ್ಲಿನ ಪಾಗಾರಕ್ಕೆ ಬಡಿದ ಚರೆ ಯಾವ ಕಡೆಗೂ ತಿರುಗೀತು.

ಪರವಾನಗಿ ಇದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ಇಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಹಂದಿ ಹೊಡೆಯಲೂ ಅರಣ್ಯ ಇಲಾಖೆ ಒಪ್ಪಬೇಕು. ನವಿಲನ್ನಂತೂ ಮುಟ್ಟುವ ಹಾಗಿಲ್ಲ. ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ 5 ವರ್ಷ ಆಗಿದೆ. ಮುಗಿಯುವ ತಾರೀಕು ಬರೆದಿಡಿ.

ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ, ಬೀಗದಕೈ ಮಕ್ಕಳಿಗೆ ಸಿಗದಲ್ಲಿ. ಇಷ್ಟಕ್ಕೆ ಖರ್ಚು ಹೆಚ್ಚೇನಿಲ್ಲ.